ಹನ್ನೆರಡು ವೋಲ್ಟಿನ ಋಣ

ಕಳೆದ ದೀಪಾವಳಿಯ ನಂತರದ ಒಂದು ಮುಂಜಾನೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದಾಂಡೇಲಿಯ ನಮ್ಮ ಮನೆಗೆ ಬಂದಿದ್ದ. ಜೋಯಿಡಾ ತಾಲೂಕಿನ ಕುಣಬಿ ರೈತ. ತಂದಿದ್ದ ಚೀಲದ ತುಂಬ ಗೆಡ್ಡೆಗೆಣಸು. ಚಹ ಕುಡಿದ ಮೇಲೆ ಸಂಕೋಚದಿಂದಲೇ, "ಸರ್, ಮಗ ಹೊಸ ಟಿ.ವಿ. ತಂದಿದ್ದಾನೆ. ತಾವೇ ಬಂದು ಜೋಡಿಸಿಕೊಡಬೇಕು" ಎಂದ. ಜೋಯಿಡಾ, ಹಳಿಯಾಳ, ಮುಂಡಗೋಡ, ಕೊನೆಗೆ ದಾಂಡೇಲಿ ಎಂದು ಸುತ್ತಿ ನಿವೃತ್ತನಾದ ವಿಜ್ಞಾನ ಶಿಕ್ಷಕನಿಗೆ ಇದಕ್ಕಿಂತ ಪ್ರೀತಿಯ ಆಹ್ವಾನ ಬೇರೆ ಯಾವುದಿದ್ದೀತು? ಆದರೆ ಆ ಮಾತು ಕೇಳಿದೊಡನೆ, ಮೂವತ್ತೈದು ವರ್ಷಗಳಿಗೂ ಹಿಂದೆ ಚುಚ್ಚಿಕೊಂಡ ಮುಳ್ಳೊಂದು ಎದೆಯೊಳಗೆ ಮಿಸುಕಿತು.

ಬೆಳಕಿನ ವಿಷಯದಲ್ಲಿ ಜೋಯಿಡಾದ ಕಥೆ ವಿಚಿತ್ರವಾದದ್ದು. ನಾಡಿಗೆ ಬೆಳಕು ಕೊಡಲೆಂದು ಕಾಳಿ ನದಿಗೆ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ಕಟ್ಟಿದರು. ಹಳೆಯ ಸೂಪಾ ಪಟ್ಟಣ ನೀರಿನಡಿಗೆ ಹೋಯಿತು. ತಾಲೂಕಿನ ಕೇಂದ್ರ ಜೋಯಿಡಾಕ್ಕೆ ಬಂತು. ಗಣೇಶಗುಡಿಯಲ್ಲಿ ಅಣೆಕಟ್ಟಿನ ಬುಡದಲ್ಲೊಂದು, ಕೆಳಗೆ ನಾಗಝರಿಯಲ್ಲೊಂದು ವಿದ್ಯುದಾಗಾರ ಎದ್ದವು. ಭಾರೀ ಗೋಪುರಗಳ ಮೇಲೆ ತಂತಿಗಳು ಕಾಡಿನ ನೆತ್ತಿಯನ್ನು ದಾಟಿಕೊಂಡು ದೂರದ ನಗರಗಳಿಗೆ ಹೋದವು. ಕೆಳಗಿನ ಎಷ್ಟೋ ಊರುಗಳಲ್ಲಿ ಮಾತ್ರ ಚಿಮಣಿ ಬುಡ್ಡಿಯೇ ಉರಿಯುತ್ತಿತ್ತು.

ಅಂಥ ಒಂದು ಊರಿನ ಸಮೀಪದ ಪ್ರೌಢಶಾಲೆಯಲ್ಲಿ ನಾನು ಆಗ ಹೊಸ ಶಿಕ್ಷಕ. 1988ರ ಅಕ್ಟೋಬರ್ 2ರಂದು ದೂರದರ್ಶನದಲ್ಲಿ 'ಮಹಾಭಾರತ' ಧಾರಾವಾಹಿ ಆರಂಭವಾಗಿತ್ತು. ಮರುವರ್ಷ ಊರಿನವರು ವಂತಿಗೆ ಕೂಡಿಸಿ ಹದಿನಾಲ್ಕು ಇಂಚಿನ ಕಪ್ಪು-ಬಿಳುಪು ಟಿ.ವಿ.ಯೊಂದನ್ನು ತಂದರು. ಅದು ಮನೆಯ ವಿದ್ಯುತ್ತಿನಿಂದಲೂ ವಾಹನದ ಹನ್ನೆರಡು ವೋಲ್ಟಿನ ಬ್ಯಾಟರಿಯಿಂದಲೂ ನಡೆಯುವಂಥದ್ದು. ಉದ್ದನೆಯ ಬಿದಿರಿಗೆ ಆಂಟೆನಾ ಕಟ್ಟಿದ್ದಾಯಿತು. ಚಿತ್ರದ ಮೇಲೆ ಸದಾ ಇರುವೆ ಹರಿದಂತೆ ಕಾಣುತ್ತಿದ್ದರೂ ಯಾರೂ ದೂರಲಿಲ್ಲ. ಶನಿವಾರ ಬ್ಯಾಟರಿಯನ್ನು ಬಸ್ಸಿನಲ್ಲಿ ದಾಂಡೇಲಿಗೆ ಒಯ್ದು, ಗ್ಯಾರೇಜಿನಲ್ಲಿ ಚಾರ್ಜ್ ಮಾಡಿಸಿ ತರುವ ಕೆಲಸ ಎಂಟನೆಯ ತರಗತಿಯ ಹುಡುಗನೊಬ್ಬನದು. ಬಸ್ಸಿಳಿದ ಮೇಲೆ ಕಾಡುದಾರಿಯಲ್ಲಿ ಅದನ್ನು ತಲೆಯ ಮೇಲೆ ಹೊತ್ತು ತರುತ್ತಿದ್ದ.

ಒಂದು ಭಾನುವಾರ ಊರೆಲ್ಲ ಅಂಗಳದಲ್ಲಿ ನೆರೆದಿತ್ತು. ವಿಜ್ಞಾನದ ಮಾಸ್ತರನೆಂದು ಜೋಡಿಸುವ ಗೌರವ ನನಗೆ. ಬ್ಯಾಟರಿಯ ತುದಿಗಳ ಮೇಲೆ ಬಿಳಿಯ ಹುಡಿ ಕಟ್ಟಿ ಗುರುತುಗಳು ಅಳಿಸಿಹೋಗಿದ್ದವು. ಎರಡೂ ತಂತಿಗಳಿಗೆ ಒಂದೇ ಬಣ್ಣ. ಒರೆಸಿ ನೋಡಬೇಕಿತ್ತು, ನೋಡಲಿಲ್ಲ. ಹೊತ್ತಾಗುತ್ತಿದೆ ಎಂಬ ಅವಸರದಲ್ಲಿ ಅಂದಾಜಿನ ಮೇಲೆ ಸಿಕ್ಕಿಸಿದೆ. ಪುಟ್ಟ ಕಿಡಿಯೊಂದು ಹಾರಿತು. ಅಷ್ಟೇ, ಟಿ.ವಿ. ಕಣ್ಣು ತೆರೆಯಲೇ ಇಲ್ಲ.

"ದಾರಿಯಲ್ಲಿ ಬ್ಯಾಟರಿ ಬೀಳಿಸಿದ್ದೀಯ" ಎಂದು ಹುಡುಗನ ತಂದೆ ಎಲ್ಲರೆದುರೇ ಅವನ ಕೆನ್ನೆಗೆ ಹೊಡೆದ. ಹುಡುಗ "ಇಲ್ಲ, ಇಲ್ಲ" ಎಂದು ಅಳುತ್ತಿದ್ದ. ಏನಾಗಿರಬಹುದೆಂದು ನನಗೆ ಆ ಕ್ಷಣವೇ ಹೊಳೆದಿತ್ತು. ಆದರೆ ಬಾಯಿ ತೆರೆಯಲಿಲ್ಲ. ಮರುದಿನ ಟಿ.ವಿ.ಯನ್ನು ಹಳಿಯಾಳಕ್ಕೆ ಒಯ್ದೆ. ಬಿಚ್ಚಿ ನೋಡಿದ ರಿಪೇರಿಯವನು, "ಪ್ಲಸ್ಸು ಮೈನಸ್ಸು ಅದಲುಬದಲು ಆಗೇತ್ರಿ ಮಾಸ್ತರ" ಎಂದು ನಕ್ಕ. ಸುಟ್ಟದ್ದು ಒಂದು ಫ್ಯೂಸ್ ಮತ್ತು ಒಂದು ಡಯೋಡ್ ಮಾತ್ರ. ಇಂಥ ತಪ್ಪಿನಿಂದ ಯಂತ್ರವನ್ನು ಉಳಿಸಲೆಂದೇ ತಾವು ಸುಟ್ಟುಹೋಗುವ ಬಿಡಿಭಾಗಗಳವು. ಹಣ ನಾನೇ ಕೊಟ್ಟೆ. ಊರಿನಲ್ಲಿ, "ಸಣ್ಣದೊಂದು ಭಾಗ ಕೆಟ್ಟಿತ್ತು" ಎಂದೆ. ಅದು ಸುಳ್ಳಲ್ಲ, ಸತ್ಯವೂ ಅಲ್ಲ.

ಆ ಹುಡುಗನೇ ಇಂದು ನನ್ನ ಮುಂದೆ ಕುಳಿತಿದ್ದ ರೈತ.

ಮುಂದಿನ ಭಾನುವಾರ ಅವನ ಮನೆಗೆ ಹೋದೆ. ರಸ್ತೆಯಿಂದ ಬಹಳ ಒಳಗಿರುವ ಆ ಮನೆಗೆ ಇನ್ನೂ ವಿದ್ಯುತ್ ಕಂಬ ತಲುಪಿಲ್ಲ. ಮಾಡಿನ ಮೇಲಿನ ಸೌರಫಲಕವೇ ಆಧಾರ. ಮೊದಲು ಇದ್ದದ್ದು ಇಪ್ಪತ್ತೊಂದು ಇಂಚಿನ ದಪ್ಪ ಕಲರ್ ಟಿ.ವಿ. ಅದಕ್ಕೆ 230 ವೋಲ್ಟ್ ಬೇಕು. ಆದ್ದರಿಂದ ನಡುವೆ ಇನ್ವರ್ಟರ್. ಟಿ.ವಿ.ಗೆ ಸುಮಾರು 75 ವ್ಯಾಟ್, ಇನ್ವರ್ಟರ್ ತಾನು ಬಿಸಿಯಾಗಲು ತಿನ್ನುವ ಹತ್ತು ಹದಿನೈದು ವ್ಯಾಟ್ ಬೇರೆ. ಮಳೆಗಾಲದಲ್ಲಿ ವಾರಗಟ್ಟಲೆ ಸೂರ್ಯನ ಮುಖ ಕಾಣದ ಊರಿನಲ್ಲಿ ವಾರ್ತೆ ಮುಗಿಯುವ ಮೊದಲೇ ಬ್ಯಾಟರಿ ಮಲಗುತ್ತಿತ್ತಂತೆ.

ಅವನ ಮಗ ಗೋವೆಯಲ್ಲಿ ಪ್ರವಾಸಿಗರನ್ನು ಸುತ್ತಾಡಿಸುವ ಚಿಕ್ಕ ವಿಹಾರದೋಣಿಯಲ್ಲಿ ನೌಕರ. ದೋಣಿಯ ಹಳೆಯ ಟಿ.ವಿ. ತೆಗೆದು ಹನ್ನೆರಡು ವೋಲ್ಟಿನಲ್ಲೇ ನಡೆಯುವ ಎಲ್‌ಇಡಿ ಟಿ.ವಿ. ಹಾಕಿದ್ದನ್ನು ಕಂಡು, ಅಂಥದ್ದೇ ಇಪ್ಪತ್ನಾಲ್ಕು ಇಂಚಿನದನ್ನು ತಂದಿದ್ದ. "ದೋಣಿಗೂ ನಮ್ಮ ಮನೆಗೂ ಭೇದವಿಲ್ಲ ಅಜ್ಜಾ, ಎರಡಕ್ಕೂ ಕರೆಂಟಿನ ತಂತಿ ಇಲ್ಲ" ಎಂದ. ಎಷ್ಟು ನಿಜ! ಸಾಗರದ ನಡುವೆಯಾಗಲಿ ಸಹ್ಯಾದ್ರಿಯ ನಡುವೆಯಾಗಲಿ, ಬ್ಯಾಟರಿ ನಂಬಿದವನ ಲೆಕ್ಕ ಒಂದೇ. ಗುಣಿಸಿ ತೋರಿಸಿದೆ. ನೂರು ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಅರ್ಧದಷ್ಟನ್ನೇ ಬಳಸಬೇಕು, ಇಲ್ಲವಾದರೆ ಅದರ ಆಯುಷ್ಯ ಕುಗ್ಗುತ್ತದೆ. ಐವತ್ತನ್ನು ಹನ್ನೆರಡರಿಂದ ಗುಣಿಸಿದರೆ 600 ವ್ಯಾಟ್-ಗಂಟೆ. ಹಳೆಯ ಟಿ.ವಿ.ಗೆ ಅದು ಏಳು ಗಂಟೆಯೂ ಸಾಲದು. ಹೊಸ ಟಿ.ವಿ. ಮತ್ತು ಡಿಶ್ಶಿನ ಡಬ್ಬಿ ಸೇರಿ 40 ವ್ಯಾಟ್. ಹದಿನೈದು ಗಂಟೆ ಬರುತ್ತದೆ.

ಆದರೆ ಎರಡು ಎಚ್ಚರಿಕೆಗಳಿವೆ. ಹನ್ನೆರಡು ವೋಲ್ಟಿನ ಬ್ಯಾಟರಿ ಯಾವಾಗಲೂ ಹನ್ನೆರಡರಲ್ಲಿ ಇರುವುದಿಲ್ಲ. ಬಿಸಿಲಿನಲ್ಲಿ ಚಾರ್ಜ್ ಆಗುವಾಗ ಹದಿನಾಲ್ಕನ್ನೂ ಮೀರುತ್ತದೆ. ನಾಜೂಕಿನ ಟಿ.ವಿ.ಗೆ ಅದು ಅಪಾಯ. ಆದ್ದರಿಂದ ವೋಲ್ಟನ್ನು ಹನ್ನೆರಡಕ್ಕೆ ಹಿಡಿದಿಡುವ ಚಿಕ್ಕ ಪೆಟ್ಟಿಗೆಯೊಂದು ನಡುವೆ ಬೇಕು. ದೋಣಿಯಲ್ಲಿ ನೋಡಿದ್ದ ಹುಡುಗ ಅದನ್ನೂ ತಂದಿದ್ದ. ಎರಡನೆಯದು, ತಂತಿ ದಪ್ಪವಾಗಿರಬೇಕು. ಅಷ್ಟೇ ವ್ಯಾಟಿಗೆ 230 ವೋಲ್ಟಿಗಿಂತ ಹನ್ನೆರಡು ವೋಲ್ಟಿನಲ್ಲಿ ಹತ್ತೊಂಬತ್ತು ಪಟ್ಟು ಹೆಚ್ಚು ಪ್ರವಾಹ ಹರಿಯುತ್ತದೆ. ತೆಳ್ಳನೆಯ ತಂತಿ ಅರ್ಧ ದಾರಿಯಲ್ಲೇ ಅದನ್ನು ನುಂಗುತ್ತದೆ.

ಇಷ್ಟೆಲ್ಲ ಪಾಠ ಹೇಳಿ ತಂತಿ ಕೈಗೆತ್ತಿಕೊಂಡಾಗ ಕೈ ನಡುಗಿತು. ಕೆಳಗಿಟ್ಟೆ. "ಆ ಭಾನುವಾರ ಟಿ.ವಿ. ಸುಟ್ಟದ್ದು ನನ್ನ ತಪ್ಪಿನಿಂದ. ನಾನು ತಂತಿಯನ್ನು ತಿರುಗುಮುರುಗು ಜೋಡಿಸಿದ್ದೆ. ಗೊತ್ತಿದ್ದೂ ಸುಮ್ಮನಿದ್ದೆ. ನೀನು ಏಟು ತಿಂದೆ" ಎಂದು ಅವನಿಗೆ ಹೇಳಿಬಿಟ್ಟೆ.

ಅವನು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ಮೆಲ್ಲಗೆ, "ಅಪ್ಪ ತೀರಿಕೊಂಡು ಹತ್ತು ವರ್ಷವಾಯಿತು ಸರ್. ಅವರಿಗೆ ಒಂದು ಮಾತು ಹೇಳಿದ್ದರೆ ಚೆನ್ನಾಗಿತ್ತು" ಎಂದ. ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಸಮಾಧಾನವಾಗುತ್ತಿತ್ತೇನೋ.

ಬ್ಯಾಟರಿಯ ತುದಿಗಳನ್ನು ಒರೆಸಿದೆವು. ಅವನ ಮಗ ಮೀಟರ್ ಹಿಡಿದು ಪ್ಲಸ್ ಯಾವುದೆಂದು ಓದಿದ, ಅವನಿಂದಲೇ ಜೋಡಿಸಿದೆ. ಪರದೆ ಬೆಳಗಿತು, ಇರುವೆಗಳಿಲ್ಲದ ನಿಚ್ಚಳ ಚಿತ್ರ. ಮನೆಯವರೆಲ್ಲ ನಕ್ಕರು, ನನ್ನ ವಿದ್ಯಾರ್ಥಿಯೂ ನಕ್ಕ.

ಮೂವತ್ತಕ್ಕೂ ಹೆಚ್ಚು ವರ್ಷ ಮಕ್ಕಳಿಗೆ ಧನ ಋಣಗಳ ಪಾಠ ಹೇಳಿದವನು ನಾನು. ತಪ್ಪನ್ನು ತಿದ್ದಲು ಹಳಿಯಾಳಕ್ಕೆ ಹೋದದ್ದು ದೊಡ್ಡದಲ್ಲ, ಆ ಅಂಗಳದಲ್ಲಿ ಒಂದು ಮಾತು ಆಡಬೇಕಿತ್ತು. ತಡವಾಗಿ ತೀರಿಸಿದ ಋಣದಲ್ಲಿ ಸ್ವಲ್ಪ ಭಾಗ ಹೇಗೂ ಉಳಿದೇ ಹೋಗುತ್ತದೆ.