ಸ್ಮಶಾನದಲ್ಲಿ ಬೆಚ್ಚಿಬಿದ್ದವರು

ಡೇವಿಡ್ ಲೀನ್ ನಿರ್ದೇಶನದ ‘ಗ್ರೇಟ್ ಎಕ್ಸ್‌ಪೆಕ್ಟೇಶನ್ಸ್’ (1946) ನೋಡಿದವರನ್ನು ಕೇಳಿ, ಮೊದಲು ಬರೋದು ಆ ಸ್ಮಶಾನದ ಮಾತೇ. ಗಾಳಿಗೆ ಕಿರುಗುಟ್ಟುವ ಬೋಳು ಮರಗಳು. ಹುಡುಗ ಪಿಪ್ ಹೆದರಿ ಸುತ್ತ ನೋಡ್ತಾನೆ, ಯಾರೂ ಇಲ್ಲ. ಎದ್ದು ಓಡಿದರೆ ಸೀದಾ ಕೈದಿಯ ಮೈಗೇ ಡಿಕ್ಕಿ! ಕ್ಯಾಮೆರಾ ಹುಡುಗನ ಜೊತೆಗೇ ತಿರುಗುತ್ತೆ, ಹಾಗಾಗಿ ಅವನಿಗಿಂತ ಒಂದು ಕ್ಷಣ ಮೊದಲು ಕೂಡ ನಮಗೆ ಸುಳಿವು ಸಿಗಲ್ಲ. ಗೊತ್ತಿದ್ದೂ ಬೆಚ್ಚುವವರಿದ್ದಾರೆ, ನಾನೂ ಒಬ್ಬ.

ಆಮೇಲೆ ದೂರುಗಳು ಶುರು. ಪಿಪ್ ಮನಸೋಲುವ ಹುಡುಗಿ ಎಸ್ಟೆಲ್ಲಾಳ ಎಳೆಯ ಪಾತ್ರದಲ್ಲಿ ಜೀನ್ ಸಿಮನ್ಸ್ ಆ ಪರಿ ಸೊಕ್ಕು ತೋರಿಸಿದ ಮೇಲೆ, ದೊಡ್ಡವಳಾಗಿ ಬರುವ ವ್ಯಾಲೆರಿ ಹಾಬ್ಸನ್ ಸಪ್ಪೆ ಅನಿಸ್ತಾರೆ. ಇಪ್ಪತ್ತರ ಪಿಪ್‌ಗೆ ನಲವತ್ತರ ಅಂಚಿನ ಜಾನ್ ಮಿಲ್ಸ್ (ನಮ್ಮ ಸಿನಿಮಾಗಳ ಕಾಲೇಜು ಹುಡುಗರನ್ನು ಕಂಡವರಿಗೆ ಇದೇನು ಮಹಾ!).

ಡಿಕನ್ಸ್‌ನ ಮೂಲ ಕಾದಂಬರಿ ಓದಿದವರ ಸಿಟ್ಟೆಲ್ಲ ಕೊನೆಯ ಮೇಲೆ. ಎಸ್ಟೆಲ್ಲಾ ಬೆಳೆದ, ಪುಸ್ತಕದಲ್ಲಿ ಅಷ್ಟೊತ್ತಿಗೆ ನೆಲಸಮವಾಗಿರುವ ಮನೆಯಲ್ಲಿ ಸಿನಿಮಾದ ಪಿಪ್ ಪರದೆ ಕಿತ್ತೆಸೆದು ಬೆಳಕು ಬಿಡ್ತಾನೆ. ತೀರಾ ನಾಟಕೀಯ, ಒಪ್ಪಿದೆ. ಆದರೆ ಡಿಕನ್ಸ್ ಕೂಡ ಗೆಳೆಯ ಬುಲ್ವರ್ ಲಿಟ್ಟನ್ ಮಾತು ಕೇಳಿ ಕೊನೆ ಬದಲಿಸಿದವನೇ ಅಲ್ವಾ? ಲೀನ್‌ಗೊಬ್ಬನಿಗೇ ಯಾಕೆ ಬೈಗುಳ? ಖಳ ಆರ್ಲಿಕ್‌ನನ್ನು ಪೂರ್ತಿ ಕೈಬಿಟ್ಟಿದ್ದಕ್ಕೆ ಮಾತ್ರ ನಂದೂ ತಕರಾರಿದೆ.