ಸೋಮವಾರದ ಕೆಮ್ಮು

ನಮ್ಮ ಆದೋನಿ ಹತ್ತಿಗೆ ಹೆಸರಾದ ಊರು. ದಸರೆ ಬಂತೆಂದರೆ ಸುತ್ತಣ ಹಳ್ಳಿಗಳ ಹತ್ತಿ ಮಾರುಕಟ್ಟೆಗೆ ಬರತೊಡಗುತ್ತದೆ. ಜಿನ್ನಿಂಗ್ ಕಾರ್ಖಾನೆಗಳಲ್ಲಿ ಬಿಡುವಿಲ್ಲದ ಕೆಲಸ. ನಮ್ಮ ತಂದೆಯವರು ಅಂಥದೊಂದು ಕಾರ್ಖಾನೆಯಲ್ಲಿ 18 ವರ್ಷ ಯಂತ್ರದ ಬಳಿ ದುಡಿದವರು. ಸಂಜೆ ಮನೆಗೆ ಬಂದಾಗ ಅವರ ಹುಬ್ಬು, ಮೀಸೆಗಳೆಲ್ಲ ಬೆಳ್ಳಗಾಗಿರುತ್ತಿದ್ದವು. "ಅಜ್ಜ ಬಂದರು" ಎಂದು ನಾನೂ ತಮ್ಮನೂ ನಗುತ್ತಿದ್ದೆವು.

ಭಾನುವಾರ ರಜೆ, ಅಂದು ತಂದೆಯವರಿಗೆ ಕೆಮ್ಮು ಇರುತ್ತಿರಲಿಲ್ಲ. ಸೋಮವಾರ ಕೆಲಸ ಮುಗಿಸಿ ಬಂದರೆ ಎದೆ ಬಿಗಿಯುತ್ತಿತ್ತು, ರಾತ್ರಿಯೆಲ್ಲ ಕೆಮ್ಮು. ವಾರ ಕಳೆದಂತೆ ಕಡಿಮೆಯಾಗುತ್ತಿತ್ತು. "ನಮಗೆ ಸೋಮವಾರ ಹೊಟ್ಟೆನೋವು, ನಿಮಗೆ ಎದೆನೋವು!" ಎಂದು ನಾನು ಹಾಸ್ಯ ಮಾಡಿದ್ದುಂಟು. ಅವರೂ ನಕ್ಕರು, ನಗುವಾಗಲೂ ಕೆಮ್ಮಿದರು.

ಕಳೆದ ವರ್ಷ ವಿಜ್ಞಾನದ ಗುರುಗಳು ಉಸಿರಾಟದ ಪಾಠ ಮಾಡಿದರು. ವಪೆಯು ಕೆಳಗಿಳಿದು, ಪಕ್ಕೆಲುಬುಗಳು ಮೇಲೆದ್ದಾಗ ಎದೆಗೂಡು ಹಿಗ್ಗಿ ಗಾಳಿ ಒಳಬರುತ್ತದೆ. ಸುಮ್ಮನೆ ಕುಳಿತ ಹಿರಿಯರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ. ಮೂಗಿನ ಕೂದಲು ದಪ್ಪ ಧೂಳನ್ನು ತಡೆಯುತ್ತದೆ. ತಪ್ಪಿಸಿಕೊಂಡದ್ದು ಶ್ವಾಸನಾಳದ ಲೋಳೆಗೆ ಅಂಟಿಕೊಳ್ಳುತ್ತದೆ. ಅಲ್ಲಿಯ ಸೂಕ್ಷ್ಮ ರೋಮಗಳು ಆ ಲೋಳೆಯನ್ನು ಗಂಟಲಿನ ಕಡೆಗೆ ತಳ್ಳುತ್ತವೆ. ಶ್ವಾಸಕೋಶಗಳ ಒಳಗೆ 30 ಕೋಟಿಗೂ ಮಿಕ್ಕಿ ಪುಟ್ಟ ಗಾಳಿಚೀಲಗಳಿವೆ. ಅವುಗಳ ತೆಳುಗೋಡೆಯ ಮೂಲಕ ಆಮ್ಲಜನಕ ರಕ್ತಕ್ಕೆ ಸೇರುತ್ತದೆ, ಇಂಗಾಲದ ಡೈ ಆಕ್ಸೈಡ್ ಹೊರಬೀಳುತ್ತದೆ.

"ಸಾರ್, ದಿನವೆಲ್ಲ ಹತ್ತಿಯ ಧೂಳೇ ಹೋದರೆ?" ಎಂದು ಕೇಳಿದೆ. ತಂದೆಯವರ ಸೋಮವಾರದ ಕೆಮ್ಮಿನ ವಿಷಯವನ್ನೂ ಹೇಳಿದೆ. ಗುರುಗಳು ಸೀಮೆಸುಣ್ಣ ಕೆಳಗಿಟ್ಟು, "ನಾಳೆಯೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ" ಎಂದರು.

ವೈದ್ಯರು ಮೊದಲು ಕಫ ಪರೀಕ್ಷೆ ಮಾಡಿಸಿದರು. ಕ್ಷಯವಿರಲಿಲ್ಲ. ಯಂತ್ರವೊಂದಕ್ಕೆ ಜೋರಾಗಿ ಊದಿಸಿ ನೋಡಿದರು. ಇದು ಹತ್ತಿಯ ಧೂಳಿನಿಂದ ಬರುವ ಬಿಸಿನೋಸಿಸ್ ಎಂಬ ಕಾಯಿಲೆ. ರಜೆಯ ಮರುದಿನ ಎದೆ ಬಿಗಿಯುವುದೇ ಇದರ ಗುರುತು ಎಂದರು. ಮೊದಮೊದಲು ಸೋಮವಾರ ಮಾತ್ರ, ಅಲಕ್ಷಿಸಿದರೆ ವಾರವಿಡೀ, ಕೊನೆಗೆ ಕೆಲಸ ಬಿಟ್ಟರೂ ವಾಸಿಯಾಗದ ಸ್ಥಿತಿ. ಬೀಡಿ ಸೇದಿದರೆ ಇನ್ನೂ ಕೇಡು. ಹೆಗಲ ವಸ್ತ್ರ ಕಟ್ಟಿಕೊಂಡರೆ ಸಣ್ಣ ಧೂಳು ನಿಲ್ಲದು, ಮುಖಕ್ಕೆ ಸರಿಯಾಗಿ ಕೂರುವ ಮುಖಗವಸು ಬೇಕು. ಧೂಳಿನಿಂದ ದೂರವಿರುವುದೇ ಎಲ್ಲಕ್ಕಿಂತ ಮೇಲು ಎಂದೂ ತಿಳಿಸಿದರು.

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ನಾನು ನೆಪವೆಂದು ನಕ್ಕದ್ದು ರೋಗವಾಗಿತ್ತು.

ತಂದೆಯವರು ಬೀಡಿ ಬಿಟ್ಟರು. ಕೇಳಿಕೊಂಡು ತೂಕದ ಕೆಲಸಕ್ಕೆ ಬದಲಾದರು. ಅದು ಯಂತ್ರದಿಂದ ದೂರ, ಬಯಲಿನಲ್ಲಿ. ಕೂಲಿ ಕಡಿಮೆ, ಈ ದೀಪಾವಳಿಗೆ ನಮಗೆ ಹೊಸ ಬಟ್ಟೆ ಬರಲಿಲ್ಲ. ಅದಕ್ಕಾಗಿ ನಾನಾಗಲಿ ತಮ್ಮನಾಗಲಿ ಮುಖ ಸಣ್ಣ ಮಾಡಲಿಲ್ಲ. ಕೆಮ್ಮು ಪೂರ್ತಿ ಹೋಗಿಲ್ಲ, ಇಳಿದಿದೆ.

ಗೆಳೆಯ ಗೆಳತಿಯರೇ, ನಮ್ಮಲ್ಲಿ ಅನೇಕರ ಹಿರಿಯರು ಧೂಳಿನಲ್ಲೋ ಒಲೆಯ ಹೊಗೆಯಲ್ಲೋ ದುಡಿಯುವವರು. ಅಡುಗೆಮನೆಯ ಕಿಟಕಿ ತೆರೆಯಿರಿ. ಮನೆಯಲ್ಲಿ ಬೀಡಿ ಸೇದುವವರಿದ್ದರೆ ಬಿಡಲು ಹೇಳಿರಿ. ಕೆಮ್ಮು ಎರಡು ವಾರ ಮೀರಿದರೆ ಸರಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ. ಅಲ್ಲಿ ಕಫ ಪರೀಕ್ಷೆ ಉಚಿತ. ಅವರ ಕೆಮ್ಮು ಯಾವ ದಿನ ಹೆಚ್ಚು, ಯಾವ ದಿನ ಕಡಿಮೆ ಎಂಬುದನ್ನು ಗಮನಿಸಿರಿ. ನಾನು ಈಗಲೂ ಸೋಮವಾರ ರಾತ್ರಿ ಕಿವಿಗೊಟ್ಟೇ ಮಲಗುತ್ತೇನೆ.

— ಹತ್ತನೆಯ ತರಗತಿಯ ವಿದ್ಯಾರ್ಥಿನಿ