ಒಂದು ಒರಳು, ಎರಡು ಒನಕೆ

2014ರ ಏಪ್ರಿಲ್‌ನಲ್ಲಿ ನಮ್ಮ ಹಾಸ್ಟೆಲ್ ಕಾರಿಡಾರಿನಲ್ಲಿ ಎರಡೇ ವಿಷಯ. ಒಂದು ಲೋಕಸಭಾ ಚುನಾವಣೆ, ಇನ್ನೊಂದು ಎಎಂಡಿಯ ಆರ್9 295ಎಕ್ಸ್2. ಮೊದಲನೇದು ಎಲ್ಲರಿಗೂ ಗೊತ್ತು. ಎರಡನೇದು ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳಿಬಿಡ್ತೀವಿ. 2014ರ ಏಪ್ರಿಲ್ 8ರಂದು ಬಿಡುಗಡೆಯಾದ ಗ್ರಾಫಿಕ್ಸ್ ಕಾರ್ಡ್ ಇದು. ಒಂದೇ ಬೋರ್ಡಿನ ಮೇಲೆ ಎರಡು ಚಿಪ್. ಒಂದೊಂದರಲ್ಲೂ 620 ಕೋಟಿ ಟ್ರಾನ್ಸಿಸ್ಟರ್, 2816 ಸ್ಟ್ರೀಮ್ ಪ್ರೊಸೆಸರ್, ಜೊತೆಗೆ ತಲಾ 4 ಜಿಬಿ ಮೆಮೊರಿ. ಬರೀ ಫ್ಯಾನ್ ಗಾಳಿ ಸಾಲದು ಅಂತ ಕಾರಿಗೆ ಇರೋ ಥರ ರೇಡಿಯೇಟರ್, ಪೈಪು ಬೇರೆ. ವಿದ್ಯುತ್ 500 ವ್ಯಾಟ್. ಬಿಡುಗಡೆ ಬೆಲೆ 1499 ಡಾಲರ್, ಅಂದರೆ ಆಗಿನ ಲೆಕ್ಕದಲ್ಲಿ 90 ಸಾವಿರ ರೂಪಾಯಿ ಹತ್ತಿರ. ತೆರಿಗೆ, ಸಾಗಾಟ ಎಲ್ಲ ಸೇರಿದರೆ ಲಕ್ಷ ದಾಟೋದು ಖಾತ್ರಿಯಿತ್ತು.

ಇಂಥ ಕಾರ್ಡುಗಳ ವಿಷಯದಲ್ಲಿ ಕಾರ್ಡ್‌ಗಿಂತ ಮೊದಲು ಸಂಖ್ಯೆಗಳು ಬರುತ್ತವೆ. ಯಾರೋ ತೆಗೆದ ಮಸುಕು ಫೋಟೋ, ಅರ್ಧ ಮುಚ್ಚಿದ ಸ್ಕೋರು. ಚುನಾವಣಾ ಸಮೀಕ್ಷೆ ಇದ್ದ ಹಾಗೇ: ಯಾರನ್ನ ಕೇಳಿದ್ರು, ಎಷ್ಟು ಜನರನ್ನ ಕೇಳಿದ್ರು ಅಂತ ಯಾರೂ ನೋಡಲ್ಲ, ಯಾರು ಮುಂದಿದ್ದಾರೆ ಅನ್ನೋದಷ್ಟೇ ಬೇಕು. ಬಿಡುಗಡೆಯಾದ ದಿನ ಪೂರ್ತಿ ವಿಮರ್ಶೆಗಳು ಬಂದವು. 3840×2160ರ 4ಕೆ ಪರದೆಯಲ್ಲಿ ಆಟ ಆಡಿಸಿ ನೋಡಿದವರೆಲ್ಲ, ಸದ್ಯಕ್ಕೆ ಇದಕ್ಕಿಂತ ವೇಗದ ಒಂಟಿ ಕಾರ್ಡ್ ಇಲ್ಲ ಅಂದರು. ಅವತ್ತು ರಾತ್ರಿ ನಮ್ಮ ಕಾರಿಡಾರಿನಲ್ಲಿ ಯಾರೂ ಮಲಗಲಿಲ್ಲ.

ಕೆಂಪು ಪಕ್ಷದವರು, ಅಂದರೆ ಎಎಂಡಿ ಭಕ್ತರು, ಬಾರ್ ಚಾರ್ಟ್ ತೋರಿಸಿಕೊಂಡು ರೂಮಿಂದ ರೂಮಿಗೆ ಓಡಾಡಿದರು. ಹಸಿರು ಪಕ್ಷದವರು, "ತಡೀರಿ, ನಮ್ಮ ಟೈಟಾನ್ ಝಡ್ ಬರ್ಲಿ" ಅಂದರು. ಎನ್‌ವಿಡಿಯಾ ಮಾರ್ಚಿನಲ್ಲೇ ಅದನ್ನ ಘೋಷಿಸಿತ್ತು, ಅದೂ ಎರಡು ಚಿಪ್ಪಿನದೇ, ಬೆಲೆ 2999 ಡಾಲರ್, ಆಗಿನ್ನೂ ಯಾರ ಕೈಗೂ ಸಿಕ್ಕಿರಲಿಲ್ಲ. ಲೆಕ್ಕಾಚಾರದ ಮನುಷ್ಯರು ಮೂರನೇ ಪಕ್ಷ: "ಇದರೊಳಗಿರೋ ಚಿಪ್ಪೇ 290ಎಕ್ಸ್‌ನಲ್ಲೂ ಇದೆ. ಅದರ ಬಿಡುಗಡೆ ಬೆಲೆ 549 ಡಾಲರ್. ಎರಡು ತಗೊಂಡ್ರೂ 1098. ಉಳಿದ 401 ಡಾಲರ್ ಯಾತಕ್ಕೆ, ನೀರಿನ ಪೈಪಿಗಾ?" ಎಲೆಕ್ಟ್ರಿಕಲ್‌ನವರ ತಕರಾರು ಇನ್ನೊಂದು. ಮದರ್‌ಬೋರ್ಡ್ ಸ್ಲಾಟಿಂದ 75 ವ್ಯಾಟ್, ಎಂಟು ಪಿನ್ನಿನ ಎರಡು ಕನೆಕ್ಟರಿಂದ ತಲಾ 150, ನಿಯಮದ ಪ್ರಕಾರ ಒಟ್ಟು 375. ಈ ಕಾರ್ಡ್ ಎಳೆಯೋದು 500!

ಗೌರಿಬಿದನೂರು ಕಡೆಯಿಂದ ಬಂದ ನಾವು ನಾಲ್ಕು ಜನಕ್ಕೆ ನಗು ಬಂತು. ನಮ್ಮ ಮನೆಗಳಲ್ಲಿ ಕರೆಂಟ್ ಹೋದರೆ ಇನ್ವರ್ಟರ್ ಮೇಲೆ ಎರಡು ಟ್ಯೂಬ್‌ಲೈಟು, ಎರಡು ಫ್ಯಾನು. ಟಿವಿ ಹಾಕಿದ್ರೆ ಅಮ್ಮ ಬೈತಾರೆ. ಅಲ್ಲಿ 500 ವ್ಯಾಟಿನ ಕಾರ್ಡು!

ನಗು ಜಾಸ್ತಿ ಹೊತ್ತು ಉಳಿಯಲಿಲ್ಲ. ನಮ್ಮಲ್ಲೊಬ್ಬನ ಅಣ್ಣ ಫೋನ್ ಮಾಡಿದರು.

ಅಣ್ಣಂದು ಗೌರಿಬಿದನೂರಿನಲ್ಲಿ ಸ್ಟುಡಿಯೋ. ಮದುವೆ, ನಾಮಕರಣ, ಗೃಹಪ್ರವೇಶದ ವಿಡಿಯೋ ಮಾಡ್ತಾರೆ. ಈಗ ಮದುವೆ ಸೀಸನ್ನು. ಎಡಿಟ್ ಆಗಬೇಕಾದ ಮದುವೆಗಳು ಡಿಸ್ಕಿನಲ್ಲಿ ಸಾಲುಗಟ್ಟಿ ಕೂತಿವೆ. ಹಿಂದೂಪುರದ ಕಡೆ ಒಬ್ಬರು ವಾರದೊಳಗೆ ವಿಡಿಯೋ ಕೊಡ್ತಾರಂತೆ, ಅಣ್ಣಂಗೆ ತಿಂಗಳು ಹಿಡಿಯುತ್ತೆ, ಗಿರಾಕಿಗಳು ಅತ್ತ ಹೊರಟಿದ್ದಾರೆ. ಅವರ ಕಂಪ್ಯೂಟರ್ ರಿಪೇರಿ ಮಾಡೋ ಹುಡುಗ ಈ ಹೊಸ ಕಾರ್ಡಿನ ಬಾರ್ ಚಾರ್ಟ್ ತೋರಿಸಿದ್ದಾನೆ. "ಚೀಟಿ ಎತ್ತಿದೀನಿ ಕಣ್ರೋ. ಒಂದು ಲಕ್ಷ ಐತೆ. ಎರಡು ಚಿಪ್ ಅಂದ್ರೆ ಅರ್ಧ ಟೈಮಲ್ಲಿ ಕೆಲಸ ಆಗ್ಬೇಕಲ್ವಾ? ನೀವು ಇಂಜಿನಿಯರಿಂಗ್ ಓದೋರು. ಹೂಂ ಅನ್ನಿ, ಎಸ್.ಪಿ. ರೋಡಿಗೆ ಬಂದು ಆರ್ಡರ್ ಕೊಟ್ಟುಬಿಡ್ತೀನಿ."

ಅಲ್ಲಿಗೆ ಕಾರಿಡಾರಿನ ಜಗಳ ಮನೆ ಜಗಳ ಆಯ್ತು. ಒಂದು ಲಕ್ಷ ಅಂದರೆ ಅವರಿಗೆ ಎರಡು ಸೀಸನ್ನಿನ ಉಳಿತಾಯ. ಚೀಟಿಯ ಕಂತು ಇನ್ನೂ ಕಟ್ಟಬೇಕು. ಇಷ್ಟು ದಿನ ಯಾರ ದುಡ್ಡೂ ಇಲ್ಲದೆ ವಾದ ಮಾಡ್ತಿದ್ವಿ, ಈಗ ಒಬ್ಬರ ದುಡ್ಡು ನಮ್ಮ ಒಂದು ಹೂಂ ಮೇಲೆ ನಿಂತಿತ್ತು. ನಮ್ಮಲ್ಲಿ ಒಬ್ಬ ಕಟ್ಟಾ ಕೆಂಪು ಪಕ್ಷ: "ಜಗತ್ತೇ ಒಪ್ಪಿದೆ, ತಗೊಳ್ಳಲಿ ಬಿಡ್ರೋ." ಉಳಿದವರಿಗೆ ಧೈರ್ಯ ಬರಲಿಲ್ಲ.

ಎರಡು ಚಿಪ್ ಹೇಗೆ ಕೆಲಸ ಹಂಚಿಕೊಳ್ತವೆ ಅನ್ನೋದು ಇಲ್ಲಿ ಮುಖ್ಯ. ನಮ್ಮ ಅಜ್ಜಿಯರು ಒಂದೇ ಒರಳಿಗೆ ಇಬ್ಬರು ಒನಕೆ ಹಾಕಿ ಕುಟ್ತಿದ್ದ ಕಥೆ ಹೇಳ್ತಾರೆ. ಒಬ್ಬರ ಒನಕೆ ಮೇಲೆ ಹೋದಾಗ ಇನ್ನೊಬ್ಬರದು ಕೆಳಗೆ. ಎರಡು ಚಿಪ್ಪಿನ ಕಾರ್ಡ್ ಆಟಗಳಲ್ಲಿ ಮಾಡೋದೂ ಹೆಚ್ಚುಕಡಿಮೆ ಇದೇ. ಒಂದನೇ ಫ್ರೇಮ್ ಒಂದು ಚಿಪ್, ಎರಡನೇದು ಇನ್ನೊಂದು, ಮೂರನೇದು ಮತ್ತೆ ಮೊದಲನೇದು. ತಾಳ ಸರಿಯಿದ್ದರೆ ಕೆಲಸ ಬೇಗ. ತಾಳ ತಪ್ಪಿದರೆ ಒನಕೆಗೆ ಒನಕೆ ತಾಗುತ್ತೆ.

ತಾಳ ತಪ್ಪಿದ್ದು ಬಾರ್ ಚಾರ್ಟಿನಲ್ಲಿ ಕಾಣಲ್ಲ. ಲೆಕ್ಕ ನೋಡಿ. ಸೆಕೆಂಡಿಗೆ 60 ಫ್ರೇಮ್ ಅಂದರೆ ಒಂದೊಂದಕ್ಕೆ ಸುಮಾರು 16.7 ಮಿಲಿಸೆಕೆಂಡ್. ಈಗ ಒಂದು ಫ್ರೇಮ್ 5 ಮಿಲಿಸೆಕೆಂಡಿಗೆ, ಮುಂದಿನದು 28ಕ್ಕೆ, ಮತ್ತೆ 5, ಮತ್ತೆ 28 ಹೀಗೆ ಬಂತು ಅಂದ್ಕೊಳ್ಳಿ. ಸರಾಸರಿ 16.5. ಚಾರ್ಟಿನಲ್ಲಿ ಅದೂ ಸೆಕೆಂಡಿಗೆ 60 ಫ್ರೇಮೇ. ಆದರೆ 5ಕ್ಕೆ ಬಂದ ಫ್ರೇಮ್ ಪರದೆ ಮೇಲೆ ಒಂದು ಪಟ್ಟಿಯಷ್ಟು ಕಂಡು ಮಾಯವಾಗುತ್ತೆ. ಕಣ್ಣಿಗೆ ಸಿಗೋದು 60ಕ್ಕಿಂತ ಎಷ್ಟೋ ಕಮ್ಮಿ ಫ್ರೇಮ್. ಆಟ ತಡವರಿಸಿದ ಹಾಗೆ ಅನಿಸುತ್ತೆ, ಸಂಖ್ಯೆ ಮಾತ್ರ ಚಿನ್ನ.

ಇದು ಬರೀ ಊಹೆಯಲ್ಲ. 2011ರಲ್ಲಿ ಟೆಕ್ ರಿಪೋರ್ಟ್‌ನವರು ಸೆಕೆಂಡಿಗೆ ಎಷ್ಟು ಅನ್ನೋದನ್ನ ಬಿಟ್ಟು, ಒಂದೊಂದು ಫ್ರೇಮಿಗೆ ಎಷ್ಟು ಹೊತ್ತು ಅಂತ ಅಳೆಯೋಕೆ ಶುರು ಮಾಡಿದರು. 2013ರಲ್ಲಿ ಎನ್‌ವಿಡಿಯಾ ಎಫ್‌ಕ್ಯಾಟ್ ಅನ್ನೋ ಸಾಧನ ತಂತು. ಪ್ರತಿ ಫ್ರೇಮಿನ ಅಂಚಿಗೆ ಒಂದು ಬಣ್ಣದ ಪಟ್ಟಿ ಹಾಕಿ, ಪರದೆಗೆ ಹೋಗೋ ಚಿತ್ರವನ್ನೇ ರೆಕಾರ್ಡ್ ಮಾಡಿ, ಯಾವ ಬಣ್ಣ ಎಷ್ಟು ಹೊತ್ತು ಕಾಣ್ತು ಅಂತ ಎಣಿಸೋದು. ಅದೇ ವರ್ಷ ಏಪ್ರಿಲ್‌ನಲ್ಲಿ ಎಎಂಡಿಯ ಎರಡು ಚಿಪ್ಪಿನ ಹಿಂದಿನ ಕಾರ್ಡ್ ಎಚ್‌ಡಿ 7990 ಬಂತು, 999 ಡಾಲರಿಗೆ. ಅದರ ಸರಾಸರಿ ಭರ್ಜರಿ, ಆದರೆ ಬಣ್ಣದ ಪಟ್ಟಿ ಎಣಿಸಿದವರಿಗೆ ಚೂರುಪಾರು ಫ್ರೇಮ್‌ಗಳು ಕಂಡವು. ಎದುರಾಳಿ ಕಂಪನಿ ಮಾಡಿದ ಸಾಧನ ಅಂತ ಕೆಲವರು ಮೂಗು ಮುರಿದರು, ಪಟ್ಟಿಗಳು ಸುಳ್ಳು ಹೇಳಲಿಲ್ಲ. ಆಗಸ್ಟಿನಲ್ಲಿ ಎಎಂಡಿ ಹೊಸ ಡ್ರೈವರ್ ಕೊಟ್ಟು ತಾಳ ಸರಿಮಾಡೋಕೆ ಹೊರಟಿತು. 295ಎಕ್ಸ್2 ಆ ಪಾಠ ಕಲಿತು ಬಂದ ಕಾರ್ಡ್, ಅದನ್ನ ಒಪ್ಪಲೇಬೇಕು. ಆದರೂ ಆಟದ ಸಾಫ್ಟ್‌ವೇರಿಗೆ ಎರಡು ಚಿಪ್ ಬಳಸೋಕೆ ಬರದಿದ್ದರೆ ಎರಡನೇದು ಸುಮ್ಮನೆ ಕೂರುತ್ತೆ. ಡಬ್ಬಿ ಮೇಲಿರೋ 8 ಜಿಬಿಯೂ ಅಷ್ಟೇ. ಒಂದೇ ಮಾಹಿತಿಯನ್ನ ಎರಡು ಕಡೆ ಇಟ್ಟುಕೊಳ್ಳಬೇಕಾದ್ದರಿಂದ ಆಟಕ್ಕೆ ಸಿಗೋದು 4.

ಏಪ್ರಿಲ್ 17ಕ್ಕೆ ಓಟು. ನಮಗೆಲ್ಲ ಮೊದಲ ಓಟು, ಹಿಂದಿನ ದಿನವೇ ಯಲಹಂಕದಲ್ಲಿ ರೈಲು ಹತ್ತಿದ್ವಿ. ದೊಡ್ಡಬಳ್ಳಾಪುರ ದಾಟಿ ಮಾಕಳಿದುರ್ಗದ ಗುಡ್ಡಗಳು ಬರೋ ಹೊತ್ತಿಗೂ ವಾದ ಮುಗಿದಿರಲಿಲ್ಲ. "ಎರಡು ಇದ್ರೆ ಒಂದಕ್ಕಿಂತ ಜಾಸ್ತಿ ತಾನೇ ಆಗೋದು? ಕಮ್ಮಿ ಹೇಗೆ ಆಗುತ್ತೆ?" ಅಂತ ಕೆಂಪು ಪಕ್ಷದ ಗೆಳೆಯ ಪಟ್ಟು ಹಿಡಿದಿದ್ದ. ತೊಂಡೇಬಾವಿ ಹತ್ತಿರ ಇನ್ನೊಬ್ಬನಿಗೆ ನಮ್ಮೂರಿನ ರೇಡಿಯೋ ದೂರದರ್ಶಕ ನೆನಪಾಯ್ತು.

ಹೈಸ್ಕೂಲಿನಲ್ಲಿದ್ದಾಗ ಮೇಷ್ಟ್ರು ನಮ್ಮನ್ನ ಅಲ್ಲಿಗೆ ಕರ್ಕೊಂಡು ಹೋಗಿದ್ರು. ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ 1970ರ ದಶಕದಲ್ಲಿ ಗೌರಿಬಿದನೂರಿನ ಹತ್ತಿರ ಕಟ್ಟಿದ್ದು. ದೊಡ್ಡ ತಟ್ಟೆ ಇರುತ್ತೆ ಅಂತ ಹೋದವರಿಗೆ ಕಂಡಿದ್ದು ಬಯಲು ತುಂಬ ಕಂಬ, ತಂತಿ. ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ 1000 ಡೈಪೋಲ್ ಆಂಟೆನಾ, ಪೂರ್ವ ಪಶ್ಚಿಮಕ್ಕೆ 1.38 ಕಿ.ಮೀ., ದಕ್ಷಿಣಕ್ಕೆ 0.45 ಕಿ.ಮೀ. ಆಕಾಶದಿಂದ ಬರೋ 34.5 ಮೆಗಾಹರ್ಟ್ಸ್ ಅಲೆಗಳನ್ನ ಹಿಡಿಯೋಕೆ. ಅಲೆ ಓರೆಯಾಗಿ ಬಂದರೆ ಒಂದು ತುದಿಗೆ ಮೊದಲು ತಲುಪುತ್ತೆ, ಇನ್ನೊಂದು ತುದಿಗೆ ಆಮೇಲೆ. ಮೊದಲು ಬಂದಿದ್ದನ್ನ ಬೇಕಾದಷ್ಟು ತಡೆದು, ಎಲ್ಲವೂ ಒಂದೇ ಹೆಜ್ಜೆಗೆ ಬಂದ ಮೇಲೆ ಕೂಡಿಸಬೇಕು.

ರೈಲಿನಲ್ಲೇ ಲೆಕ್ಕ ಹಾಕಿದ್ವಿ. 34.5 ಮೆಗಾಹರ್ಟ್ಸ್‌ನಲ್ಲಿ ಒಂದು ಅಲೆಯ ಅವಧಿ ಸುಮಾರು 29 ನ್ಯಾನೋಸೆಕೆಂಡ್. ಎರಡು ಆಂಟೆನಾ ನಡುವೆ ಅದರ ಅರ್ಧ, ಹದಿನಾಲ್ಕೂವರೆ ನ್ಯಾನೋಸೆಕೆಂಡ್ ಹೆಚ್ಚುಕಮ್ಮಿಯಾದರೆ ಒಂದರ ಏರಿಗೆ ಇನ್ನೊಂದರ ಇಳಿ ಸೇರಿ ಮೊತ್ತ ಸೊನ್ನೆ. ಎರಡು ಸೇರಿದರೆ ಎರಡಾಗಬಹುದು, ಒಂದೂವರೆ ಆಗಬಹುದು, ಸೊನ್ನೆಯೂ ಆಗಬಹುದು. ಗೆಳೆಯ ಸ್ವಲ್ಪ ಹೊತ್ತು ಕಿಟಕಿ ಆಚೆ ನೋಡಿದ. "ಸರಿ ಮಗಾ, ಅಣ್ಣನ ಕೆಲಸದಲ್ಲಿ ಎಷ್ಟಾಗುತ್ತೆ? ಅದನ್ನ ಯಾರಾದ್ರೂ ಅಳೆದಿದ್ದಾರಾ?" ಅಂದ. ಆ ಪ್ರಶ್ನೆ ಅವನ ಬಾಯಿಂದಲೇ ಬಂದಿದ್ದು ನಮಗೆ ಖುಷಿ.

ಮದುವೆ ವಿಡಿಯೋ ಇಟ್ಟುಕೊಂಡು ಯಾವ ವಿಮರ್ಶಕನೂ ಅಳೆದಿರಲಿಲ್ಲ. ನಾವೇ ಅಳೆಯಬೇಕಾಗಿತ್ತು. ಓಟು ಹಾಕಿ, ಬೆರಳಿನ ಶಾಯಿ ಒಣಗಿಸಿಕೊಂಡು ಸ್ಟುಡಿಯೋಗೆ ಹೋದ್ವಿ. ಒಂದು ಮುಹೂರ್ತದ ಭಾಗ ತಗೊಂಡು, ಅಣ್ಣ ದಿನಾ ಮಾಡೋ ರೀತಿಯಲ್ಲೇ ಎಕ್ಸ್‌ಪೋರ್ಟ್‌ಗೆ ಹಾಕಿ, ಪಕ್ಕದಲ್ಲಿ ಯಾವ ಭಾಗ ಎಷ್ಟು ದುಡೀತಿದೆ ಅಂತ ನೋಡ್ತಾ ಕೂತ್ವಿ. 52 ನಿಮಿಷ ಹಿಡೀತು. ಅದರಲ್ಲಿ ಅವರ ಹಳೇ ಒಂಟಿ ಚಿಪ್ಪಿನ ಕಾರ್ಡ್ ದುಡಿದಿದ್ದು ಐದರಲ್ಲೊಂದು ಪಾಲು. ಪ್ರೊಸೆಸರ್ ಉಸಿರುಗಟ್ಟಿ ಓಡ್ತಿತ್ತು, ಹಾರ್ಡ್ ಡಿಸ್ಕಿನ ದೀಪ ಆರಲೇ ಇಲ್ಲ, 4 ಜಿಬಿ ರ‍್ಯಾಮ್ ತುಂಬಿ ತುಳುಕ್ತಿತ್ತು.

ನಮ್ಮ ಸಿಲಬಸ್ಸಿನಲ್ಲಿರೋ ಅಮ್ಡಾಲ್ ನಿಯಮ ಇದೇ. ಪರೀಕ್ಷೆಗೆ ಬರೆದು ಮರೆತಿದ್ವಿ. ಕೆಲಸದ ಐದರಲ್ಲೊಂದು ಪಾಲು ಎರಡರಷ್ಟು ವೇಗ ಆದರೆ ಉಳಿಯೋದು ಹತ್ತರಲ್ಲೊಂದು ಪಾಲು ಸಮಯ, ಅಂದರೆ 5 ನಿಮಿಷ. ಕಾರ್ಡ್ ಮಿಂಚಿನ ವೇಗದ್ದೇ ಆಗಲಿ, ಸುಮಾರು 10 ನಿಮಿಷಕ್ಕಿಂತ ಜಾಸ್ತಿ ಉಳಿಯಲ್ಲ. ಒಂದು ಲಕ್ಷ ರೂಪಾಯಿಗೆ! ಮಾರನೇ ದಿನ ಪರಿಚಯದವರ ಹತ್ತಿರ ಒಂದು ಎಸ್‌ಎಸ್‌ಡಿ, ಒಂದು 4 ಜಿಬಿ ರ‍್ಯಾಮ್ ಕಡ ತಂದು ಹಾಕಿ, ಅದೇ ಮುಹೂರ್ತವನ್ನ ಮತ್ತೆ ಓಡಿಸಿದ್ವಿ. 39 ನಿಮಿಷ. ನಂಬಿಕೆಯಾಗದೆ ಇನ್ನೆರಡು ಸಲ ಓಡಿಸಿದ್ವಿ, ಸುಮಾರು ಅಷ್ಟೇ ಬಂತು.

ಅಣ್ಣ ತಕ್ಷಣ ಖುಷಿಪಡಲಿಲ್ಲ. ಹೊಳೆಯೋ ಕಾರ್ಡಿನ ಆಸೆ ಅವರಿಗೂ ಇತ್ತಲ್ಲ. "ಅಷ್ಟು ಜನ ಬರೆದಿರೋದೆಲ್ಲ ಸುಳ್ಳಾ ಹಂಗಾದ್ರೆ?" ಅಂದರು. ಸುಳ್ಳಲ್ಲ ಅಣ್ಣ, ಅವರು ಬೇರೆ ಪ್ರಶ್ನೆ ಕೇಳಿದ್ದಾರೆ, ನಿಮ್ಮ ಪ್ರಶ್ನೆ ಬೇರೆ, ಅಂತ ಹೇಳಿದ್ವಿ. ಆಗ ಅವರ ಅಪ್ಪ, "ಹೊಸೂರು ನರಸಿಂಹಯ್ಯನೋರ ಊರಿನ ಕಡೆಯೋರು ಕಣಯ್ಯ ನಾವು, ಕೇಳ್ದೆ ಹೆಂಗ್ ನಂಬ್ತೀಯ" ಅಂತ ನಕ್ಕರು. ಎಚ್. ನರಸಿಂಹಯ್ಯನವರು ನಮ್ಮ ತಾಲ್ಲೂಕಿನ ಹೊಸೂರಿನವರು. ಭೌತಶಾಸ್ತ್ರದ ಮೇಷ್ಟ್ರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳನ್ನ ಪರೀಕ್ಷಿಸೋಕೆ ಸಮಿತಿ ಮಾಡಿದವರು. ಬಾರ್ ಚಾರ್ಟ್ ಪವಾಡ ಅಲ್ಲ, ಆದರೆ ನಾವು ಅದರ ಮುಂದೆ ಕೈಮುಗಿದು ನಿಲ್ಲೋ ರೀತಿ ಏನೂ ಕಮ್ಮಿ ಇಲ್ಲ.

ಹಾಗಂತ ಹುರುಪು ತಪ್ಪು ಅಂತ ನಾವು ಹೇಳ್ತಿಲ್ಲ. ಹುಚ್ಚು ಹಿಡಿದವರು ಇರೋದರಿಂದಲೇ ಫ್ರೇಮ್ ಫ್ರೇಮ್ ಎಣಿಸಿ ನೋಡೋರೂ ಹುಟ್ಟಿದ್ದು. ಸರಾಸರಿ ನೋಡಿ ಚಪ್ಪಾಳೆ ತಟ್ಟಿ ಎಲ್ಲರೂ ಮಲಗಿದ್ದರೆ 7990ರ ಚೂರು ಫ್ರೇಮ್ ಯಾರಿಗೂ ಕಾಣ್ತಿರಲಿಲ್ಲ. ನಮ್ಮ ಕೆಂಪು ಪಕ್ಷದ ಗೆಳೆಯ ಈಗಲೂ ಕೆಂಪು ಪಕ್ಷವೇ. 4ಕೆ ಪರದೆಯಲ್ಲಿ ಆಟ ಆಡೋ ದುಡ್ಡಿದ್ದವರಿಗೆ 295ಎಕ್ಸ್2 ಆಗ ಅದ್ಭುತ ಕಾರ್ಡ್ ಆಗಿತ್ತು ಅಂತ ಅವನ ವಾದ, ನಾವೂ ಒಪ್ತೀವಿ. ಹೊಸ ಚಾರ್ಟ್ ಬಂದ ಕೂಡಲೇ ಈಗ ಅವನು ಮೊದಲು ಕೇಳೋದು: ಯಾವ ಕೆಲಸ ಕೊಟ್ಟು ಅಳೆದ್ರು, ಸರಾಸರಿಯಾ ಅಥವಾ ಒಂದೊಂದು ಫ್ರೇಮಿನ ಹೊತ್ತಾ, ಯಾವ ಡ್ರೈವರು, ಎಷ್ಟು ಸಲ ಓಡಿಸಿದ್ರು.

ಅಣ್ಣ ಎಸ್.ಪಿ. ರೋಡಿಗೆ ಬಂದಿದ್ದರು. ಎಸ್‌ಎಸ್‌ಡಿ, ರ‍್ಯಾಮ್ ಎರಡೂ ಸೇರಿ ಹದಿಮೂರು ಸಾವಿರದೊಳಗೆ ಮುಗೀತು. ಉಳಿದ ದುಡ್ಡಿನಲ್ಲಿ ಸ್ವಲ್ಪ ಚೀಟಿ ಕಂತಿಗೆ, ಸ್ವಲ್ಪ ಸೀಸನ್ ಮುಗಿಯೋವರೆಗೆ ಎಡಿಟಿಂಗಿಗೆ ಒಬ್ಬ ಹುಡುಗನನ್ನ ಇಟ್ಕೊಳ್ಳೋಕೆ. ನಮಗೆ ಕಾಮತ್‌ನಲ್ಲಿ ಮಸಾಲೆ ದೋಸೆ. ಬಸ್ ಹತ್ತೋ ಮುಂಚೆ ಮಾತ್ರ ಮೆಲ್ಲಗೆ ಕೇಳಿದರು: "ಆ ಟೈಟಾನ್ ಅಂತಾರಲ್ಲ, ಅದು ಬಂದ್ಮೇಲೆ ಒಂದು ಫೋನ್ ಮಾಡ್ರೋ."